ನಶ್ಯದ ಮೇಷ್ಟ್ರು ಕಾಲಿಡದ ಕೋಣೆ

ಹೈಸ್ಕೂಲಿನ ಹಾಲಿನಲ್ಲಿ ಅವರ ಪಟಕ್ಕೆ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಮುಂದೆ ಹುಡುಗರನ್ನು ಸಾಲಾಗಿ ಕೂರಿಸಿದ್ದರು. ಒಬ್ಬರಾದ ಮೇಲೆ ಒಬ್ಬರು ಎದ್ದು, ‘ಯೋಚನೆ ಮಾಡುವುದನ್ನು ನಮಗೆ ಕಲಿಸಿದವರೇ ಅವರು’ ಎಂದು ಹೊಗಳುತ್ತಿದ್ದರು. ನಾನು ಹೆಂಗಸರ ಸಾಲಿನಲ್ಲಿ, ಅವರ ಹೆಂಡತಿ ಅಲಿವೇಲಮ್ಮನ ಪಕ್ಕ ಕೂತಿದ್ದೆ. ಕೇಳಿ ಕೇಳಿ ಮೈ ಉರಿಯುತ್ತಿತ್ತು. ಪಟಕ್ಕೆ ಹಾರ ಬಿದ್ದದ್ದೇ ತಡ, ಎಂಥವರೂ ದೊಡ್ಡವರಾಗಿಬಿಡುತ್ತಾರೆ. ಆಗಲಿ ಬಿಡಿ. ಆದರೆ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅವರು ಯಾರಿಗೆ ಏನು ಕಲಿಸಿದರು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಹೆಸರು ಬರೆಯುವುದಿಲ್ಲ. ಬರೆದರೆ ಶಿಡ್ಲಘಟ್ಟದ ಅರ್ಧ ಊರು ‘ನಮ್ಮ ಗುರುಗಳ ಮೇಲೆ ಹೀಗೆ ಬರೀತೀರಾ?’ ಎಂದು ಜಗಳಕ್ಕೆ ಬರುತ್ತದೆ. ಇನ್ನರ್ಧ ‘ಇಷ್ಟೇನಾ ಬರ್ದಿದ್ದು?’ ಅನ್ನುತ್ತದೆ. ಮೇಷ್ಟ್ರು ಅಂದರೆ ಸಾಕು.

ತುಮಕೂರಿನ ಕಡೆಯವರು. ಐವತ್ತರ ದಶಕದ ಮೊದಲಲ್ಲಿ, ನಾನು ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿಗೆ ಟೀಚರಾಗಿ ಸೇರಿದ ಹೊಸತರಲ್ಲೇ, ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ವರ್ಗವಾಗಿ ಬಂದರು. ಎತ್ತರದ ಆಳು. ಕ್ಲೋಸ್ ಕಾಲರ್ ಕೋಟು, ಕಚ್ಚೆಪಂಚೆ, ತಲೆಗೆ ರುಮಾಲು. ಮೂಗಿನ ಕೆಳಗೆ ಯಾವಾಗಲೂ ನಶ್ಯದ ಕಂದು ಕಲೆ. ಎಡ ಜೇಬಿನಲ್ಲಿ ನಶ್ಯದ ಡಬ್ಬಿ, ಬಲ ಜೇಬಿನಲ್ಲಿ ಒಂದು ಕರವಸ್ತ್ರ. ಅದರ ಬಣ್ಣ ಹೇಳದಿರುವುದೇ ಒಳ್ಳೆಯದು.

ಅವರಿಗೊಂದು ಸಿದ್ಧಾಂತವಿತ್ತು. ಮನುಷ್ಯ ಆಡುವ ಭಾಷೆಯೇ ಅವನ ಬುದ್ಧಿಯ ಅಚ್ಚು. ಅಚ್ಚು ಹೇಗಿದೆಯೋ ಬುದ್ಧಿಯೂ ಹಾಗೇ ಎರಕವಾಗುತ್ತದೆ. ಎಲ್ಲಿ ಓದಿದ್ದರೋ ಯಾರ ಬಾಯಲ್ಲಿ ಕೇಳಿದ್ದರೋ, ಅದನ್ನು ಹಿಡಿದುಕೊಂಡು ಊರಿನ ಜನರನ್ನೆಲ್ಲ ತೂಗಿ ಅಳೆದು ಬೇರೆ ಬೇರೆ ಮೂಟೆ ಕಟ್ಟಿ ಇಟ್ಟುಬಿಟ್ಟಿದ್ದರು.

“ತೆಲುಗು ನೋಡಿ ಟೀಚರಮ್ಮ,” ಅನ್ನುತ್ತಿದ್ದರು ಜಗುಲಿಯ ಮೇಲೆ ಕೂತು, “ಪ್ರತಿ ಪದಾನೂ ಸ್ವರದಲ್ಲೇ ಮುಗಿಯುತ್ತೆ. ಅದಕ್ಕೇ ಆ ಜನಕ್ಕೆ ಯೋಚನೆ ಒಂದು ಕಡೆ ನಿಲ್ಲಲ್ಲ. ಹರೀತಾನೇ ಇರುತ್ತೆ.”

“ಕನ್ನಡದ ಪದಾನೂ ಹಾಗೇ ಮುಗಿಯುತ್ತಲ್ಲ ಮೇಷ್ಟ್ರೇ?” ಅಂದೆ.

“ಅದು ಬೇರೆ.”

ಆಮೇಲೆ ಡಬ್ಬಿ ತೆಗೆಯುತ್ತಿದ್ದರು. ಎರಡು ಬೆರಳಲ್ಲಿ ಚಿಟಿಕೆ ಹಿಡಿದು, ಮೂಗಿಗೇರಿಸಿ, ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕೂರುತ್ತಿದ್ದರು. ಎದುರಿಗಿದ್ದವರು ಆ ಸೀನು ಬರುವವರೆಗೆ ಕಾಯಬೇಕು. ಸೀನು ಬಂತೆಂದರೆ ವಾದ ಮುಗಿಯಿತು, ಅವರು ಗೆದ್ದರು ಎಂದೇ ಲೆಕ್ಕ.

ಉರ್ದು ಬಲದಿಂದ ಎಡಕ್ಕೆ ಬರೆಯುವ ಭಾಷೆಯಂತೆ, ಅದಕ್ಕೇ ಸಾಬರು ಕಳೆದುಹೋದದ್ದನ್ನೇ ನೆನೆಯುತ್ತ ಕೂರುತ್ತಾರಂತೆ! ಇವರು ಹಾಸಿಗೆ ಬಿಟ್ಟು ಏಳುವ ಹೊತ್ತಿಗೆ ನಮ್ಮ ಬೀದಿಯ ಸಾಬರ ಮನೆಗಳಲ್ಲಿ ರೇಷ್ಮೆ ಗೂಡು ಬೇಯಿಸಿ, ಚರಕ ತಿರುಗಿಸಿ, ಎಷ್ಟೋ ನೂಲು ತೆಗೆದಾಗಿರುತ್ತಿತ್ತು. ಇಂಗ್ಲಿಷಿನಲ್ಲಿ ಮಾತ್ರ ಕಾಲದ ಲೆಕ್ಕ ಸರಿಯಾಗಿದೆ, ಅದಕ್ಕೇ ಇಂಗ್ಲಿಷರಿಗೆ ಸಮಯಪ್ರಜ್ಞೆ ಎನ್ನುತ್ತಿದ್ದ ಈ ಮಹಾನುಭಾವರು ಒಂದು ದಿನವೂ ಬೆಲ್ಲು ಹೊಡೆಯುವ ಮೊದಲು ಸ್ಕೂಲು ಮುಟ್ಟಿದವರಲ್ಲ.

ಕ್ಲಾಸಿನಲ್ಲೂ ಇದೇ ರಾಗ. ಹುಡುಗ ತಪ್ಪು ಉತ್ತರ ಹೇಳಿದರೆ ತಿದ್ದುವುದು ಆಮೇಲೆ, ಮೊದಲು, “ಮನೇಲಿ ಯಾವ ಭಾಷೆಯೋ?” ತೆಲುಗು ಅಂದರೆ “ಹೂಂ” ಎಂದು ತಲೆಯಾಡಿಸುವುದು, ಎಲ್ಲ ತಿಳಿದುಹೋಯಿತು ಎನ್ನುವ ಹಾಗೆ. ತೆಲುಗಿನ ಮನೆಯ ಹುಡುಗನೇ ಸರಿಯಾಗಿ ಹೇಳಿಬಿಟ್ಟರೆ, “ಅಕ್ಕಪಕ್ಕ ಕನ್ನಡದವರಿದ್ದಾರೆ, ಅಲ್ವೇನೋ?” ಅವರು ಸೋಲುವ ದಾರಿಯೇ ಇರಲಿಲ್ಲ. ಜಂಗಮಕೋಟೆಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನನ್ನು ಹೀಗೇ ಕೇಳಿದಾಗ ಅವನು ಎದ್ದು ನಿಂತು, “ಯಾವ್ದೂ ಇಲ್ಲ ಸಾರ್, ನಮ್ಮಪ್ಪ ನಮ್ಮಮ್ಮ ಮಾತು ಬಿಟ್ಟವ್ರೆ” ಅಂದನಂತೆ. ಇಡೀ ಕ್ಲಾಸು ನಕ್ಕಿತಂತೆ. ಮೇಷ್ಟ್ರು ನಗಲಿಲ್ಲ. ಅಂಥ ಮನೆಯಲ್ಲಿ ಬುದ್ಧಿ ಹೇಗೆ ಬೆಳೆಯುತ್ತದೆ ಎಂದು ನನ್ನ ಹತ್ತಿರ ಬಂದು ಗಂಭೀರವಾಗಿ ಚರ್ಚೆ ಮಾಡಿದರು.

ಹೊರಗೆ ಇಷ್ಟು ಮಾಡಿಕೊಂಡಿದ್ದರೆ ನಗೆಪಾಟಲಿನ ಮನುಷ್ಯ ಎಂದು ಮರೆತುಬಿಡುತ್ತಿದ್ದೆ. ಅವರು ಅದನ್ನು ಮನೆಯೊಳಗೆ ತಂದರು.

ಅಲಿವೇಲಮ್ಮ ಹಿಂದೂಪುರದ ಕಡೆಯವಳು. ಹುಟ್ಟಿನಿಂದ ತೆಲುಗು. ಮಗಳು ಸುಶೀಲ ಮಾತು ಕಲಿಯುವ ಹೊತ್ತಿಗೆ ಮೇಷ್ಟ್ರು ಮನೆಗೊಂದು ಕಾನೂನು ಮಾಡಿದರು: ಹೊಸಿಲು ದಾಟಿ ಒಳಗೆ ತೆಲುಗು ಬರಕೂಡದು. ಮಗುವಿನ ಬುದ್ಧಿಯ ಅಚ್ಚು ಕೆಡುತ್ತದಂತೆ. ತನಗೆ ಆ ಭಾಷೆ ಒಂದು ಚೂರೂ ಬರುವುದಿಲ್ಲ, ಬರುವುದೂ ಬೇಡ, ತನ್ನ ಕಿವಿಗೆ ಅದು ಬರೀ ಸದ್ದು ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದರು. ನಮ್ಮ ಕಡೆ ಬೀದಿ ನಾಯಿಯನ್ನು ತೆಲುಗಿನಲ್ಲಿ ಗದರಿಸಿದರೂ ಓಡುತ್ತದೆ. ಇವರಿಗೆ ಮಾತ್ರ ಬರಲಿಲ್ಲವಂತೆ.

ಕನ್ನಡದಲ್ಲಿ ಆಕೆಗೆ ಆಗಿನ್ನೂ ಮಾತು ಸಲೀಸಾಗಿ ಬರುತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆಯುವಳು, ಪದ ಹುಡುಕುವಳು, ಅಷ್ಟರಲ್ಲಿ ಮೇಷ್ಟ್ರು ತಾವೇ ವಾಕ್ಯ ಮುಗಿಸಿಬಿಡುವರು. ಬರಬರುತ್ತ ಆಕೆ ಬಾಯಿ ತೆರೆಯುವುದನ್ನೇ ಬಿಟ್ಟಳು. ‘ಹೂಂ’, ‘ಊಹೂಂ’, ‘ಬಡಿಸ್ಲಾ?’ ಇಷ್ಟರಲ್ಲೇ ಸಂಸಾರ. ಮೇಷ್ಟ್ರ ಹೆಂಡತಿ ಒಂಚೂರು ಮಂಕು ಎಂದು ಬೀದಿಯವರು ಮಾತಾಡಿಕೊಂಡರು.

ಒಂದು ಸಾಯಂಕಾಲ ನಾನು ಅವರ ಮನೆಗೆ ಹೋಗಿದ್ದಾಗ ಆಕೆ ಕಾಫಿ ತಂದು ನಿಂತಳು. ಲೋಟ ಇನ್ನೂ ಆಕೆಯ ಕೈಯಲ್ಲೇ ಇತ್ತು. ಮೇಷ್ಟ್ರು ಹಳೇ ಪಾತ್ರೆ ತೋರಿಸುವ ಹಾಗೆ ಆಕೆಯ ಕಡೆ ಕೈ ಮಾಡಿ, “ನೋಡಿದ್ರಾ ಟೀಚರಮ್ಮ? ಆ ಭಾಷೆ ತೆಗೆದ ಮೇಲೆ ಒಳಗೆ ಏನೂ ಉಳೀಲಿಲ್ಲ. ಇದ್ದಿದ್ದೆಲ್ಲ ಬರೀ ಮಾತು” ಅಂದರು. ಅಲ್ಲ, ಕಟ್ಟಿಕೊಂಡ ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು ಹೀಗನ್ನುವ ಗಂಡಸಿನ ಬುದ್ಧಿಯನ್ನು ಎರಕ ಹೊಯ್ದ ಭಾಷೆ ಯಾವುದೋ! ನಾನು ಕಾಫಿ ಕುಡಿಯದೆ ಎದ್ದು ಬಂದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಸುಶೀಲ ನನ್ನ ಸ್ಕೂಲಿಗೇ ಬರುತ್ತಿದ್ದಳು. ಒಂದು ದಿನ ಅವಳ ಜಡೆ ಬಿಚ್ಚಿಹೋಗಿತ್ತು. ಅಮ್ಮನ ಕೈಯಲ್ಲಿ ಸರಿಯಾಗಿ ಹಾಕಿಸಿಕೋ ಅಂದರೆ, “ನಮ್ಮಮ್ಮಂಗೆ ಏನೂ ಗೊತ್ತಾಗಲ್ಲ ಮಿಸ್. ಅಪ್ಪ ಹೇಳಿದಾರೆ” ಅಂದಳು. ಊಟದ ಡಬ್ಬಿ ತಂದಿದ್ದ ಅಲಿವೇಲಮ್ಮ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ನನ್ನ ಕೈಗೆ ಕೊಟ್ಟು ಹೊರಟವಳು ಮತ್ತೆ ತಿರುಗಿ ಬಂದಳು. ನಾನು ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದೆ. ಆಗ ಆಕೆ ತನ್ನ ಮಾತಿನಲ್ಲಿ ಅಂದದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ: “ಊರೆಲ್ಲ ನನ್ನನ್ನ ದಡ್ಡಿ ಅಂದ್ಕೊಳ್ಳಲಿ ಅಕ್ಕ. ಅವರೂ ಅಂದ್ಕೊಳ್ಳಲಿ. ನನ್ನ ಮಗಳು ಹಾಗೆ ಅಂದ್ಕೊಂಡು ಬೆಳೆದ್ರೆ ನಾನಿದ್ದೂ ಸತ್ತಂಗೆ.”

ಅದೇ ವರ್ಷ ಆಕೆ ರೇಷ್ಮೆ ಹುಳು ಸಾಕುತ್ತೇನೆ ಅಂದಳು. ನಮ್ಮೂರಲ್ಲಿ ಅದೇನೂ ಹೊಸದಲ್ಲ. ಮನೆಯಲ್ಲಿ ಒಂದು ಕೋಣೆ ಮಿಗಿಲಾಗಿದ್ದರೆ ಅದು ಹುಳು ಮನೆ. ಮೇಷ್ಟ್ರಿಗೂ ಸಂಬಳ ಸಾಲುತ್ತಿರಲಿಲ್ಲವಾಗಿ ಒಪ್ಪಿದರು. ಹಿಂದಿನ ಕೋಣೆಯನ್ನು ಸಾರಿಸಿ, ಬಿದಿರಿನ ತಟ್ಟೆ ಜೋಡಿಸಿ, ಹುಳು ತಂದು ಬಿಟ್ಟಾಯಿತು. ಸಾಯಂಕಾಲ ಮೇಷ್ಟ್ರು ನೋಡಲು ಹೋದರು. ಅಲಿವೇಲಮ್ಮ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು.

“ನಶ್ಯ,” ಅಂದಳು. “ಬರಬಾರ್ದು.”

ರೇಷ್ಮೆ ಹುಳುವಿಗೆ ಹೊಗೆಸೊಪ್ಪು ಅಂದರೆ ವಿಷ. ಬೀಡಿ ಸೇದಿದ ಕೈ, ನಶ್ಯ ಮುಟ್ಟಿದ ಬೆರಳು ಅವು ತಿನ್ನುವ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೂ ಹುಳು ಕಕ್ಕಿಕೊಂಡು ಸಾಯುತ್ತವೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಮೇಷ್ಟ್ರು ಅವರಿವರನ್ನು ವಿಚಾರಿಸಿದರು. ಎಲ್ಲರೂ ‘ಅಯ್ಯೋ, ನೀವು ಹೋಗ್ಲೇಬಾರ್ದು ಸ್ವಾಮಿ’ ಅಂದರು. ನಶ್ಯ ಬಿಡುವುದಂತೂ ಅವರ ಕೈಲಾಗುವ ಕೆಲಸವಲ್ಲ. ಹೀಗೆ ಅವರ ಕಾನೂನು ಓಡದ ಜಾಗವೊಂದು ಅವರ ಮನೆಯೊಳಗೇ ಆಯಿತು.

ಎದುರು ಮನೆಯ ಜೈತೂನ್ ಬೀ ನನಗೆ ಆಮೇಲೆ ಹೇಳಿದಳು. ಅವಳ ಗಂಡ ಚರಕದ ಕೆಲಸದವನು. ಅವಳೇ ಅಲಿವೇಲಮ್ಮನಿಗೆ ಸೊಪ್ಪು ತಂದುಕೊಡುತ್ತಿದ್ದಳು. “ಮೊದ್ಲು ಎಮ್ಮೆ ಕಟ್ಟೋಣ ಅಂದಿದ್ಲು ಟೀಚರಮ್ಮ. ಆಮೇಲೆ ಒಂದಿನ ಓಡ್ಕೊಂಡು ಬಂದು, ‘ನಶ್ಯ ಹಾಕೋರು ಹುಳದ ಹತ್ರ ಬರಂಗಿಲ್ಲ ಅಂತಾರಲ್ಲ, ನಿಜಾನಾ?’ ಅಂತ ಕೇಳಿದ್ಲು. ನಿಜ ಅಂದೆ. ‘ಹಂಗಾದ್ರೆ ಎಮ್ಮೆ ಬ್ಯಾಡ’ ಅಂದ್ಲು!” ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಂಕು ಹೆಂಗಸಂತೆ, ಒಳಗೆ ಏನೂ ಇಲ್ಲವಂತೆ!

ನಾನು ಮೊದಲ ಸಲ ಆ ಕೋಣೆಗೆ ಹೋದದ್ದು ಗೋಡೆಯಾಚೆಯಿಂದ ಬಂದ ನಗು ಕೇಳಿ. ಬಾಗಿಲಲ್ಲೇ ನನ್ನ ಮುಡಿಯ ಮಲ್ಲಿಗೆ ತೆಗೆಸಿದರು, ವಾಸನೆ ಆಗದು ಎಂದು. ಕಾಲು ತೊಳೆಸಿದರು. ಒಳಗೆ ತಟ್ಟೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದ ಆ ಹೆಂಗಸನ್ನು ನೋಡಿ ನಾನು ಬೆರಗಾದೆ. ಮಾತೆಂದರೆ ಮಾತು! ಹೆಡ್‌ಮಾಸ್ಟರು ನಡೆಯುವ ರೀತಿ, ಚಿಂತಾಮಣಿ ಸಂತೆಯಲ್ಲಿ ಬದನೆಕಾಯಿ ಮಾರುವವಳು ಗಿರಾಕಿಯನ್ನು ಬೈಯುವ ರೀತಿ, ನಾನು ಮಕ್ಕಳಿಗೆ ಮಗ್ಗಿ ಹೇಳಿಸುವ ರೀತಿ, ಎಲ್ಲವನ್ನೂ ಮಾಡಿ ತೋರಿಸಿದಳು. ಜೈತೂನ್ ಬೀ ಮಾತಿಗೆ ಮಾತು ಸೇರಿಸುತ್ತಿದ್ದಳು, ತೆಲುಗು ಸಾಲದಿದ್ದರೆ ಉರ್ದು, ಅದೂ ಸಾಲದಿದ್ದರೆ ಕನ್ನಡ. ಸೊಪ್ಪು ಹರಡುತ್ತಿದ್ದ ಸುಶೀಲ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಹುಳು ಎರಡು ಸಲ ಜ್ವರಕ್ಕೆ ಕೂತು ಪೊರೆ ಬಿಡುವುದರೊಳಗೆ ಅವಳೂ ತೆಲುಗಿನಲ್ಲಿ ಎದುರುತ್ತರ ಕೊಡುತ್ತಿದ್ದಳು. ‘ನಮ್ಮಮ್ಮಂಗೆ ಗೊತ್ತಾಗಲ್ಲ’ ಅನ್ನುವ ಮಾತು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಆ ಕೋಣೆಯಲ್ಲಿ ಎಲ್ಲರೂ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದದ್ದು ಆಕೆಯ ಹೆಣ್ಣು ನೋಡುವ ಶಾಸ್ತ್ರದ ಕಥೆ. ಮೇಷ್ಟ್ರು ಹಿಂದೂಪುರಕ್ಕೆ ಹೆಣ್ಣು ನೋಡಲು ಹೋಗಿದ್ದರಲ್ಲ, ಸುತ್ತ ಎಲ್ಲರೂ ತೆಲುಗು. ಏನು ಕೇಳಿದರೂ ಇವರು ತಲೆಯಾಡಿಸಿದರಂತೆ. ಪ್ರಯಾಣ ಸುಖವಾಯಿತೇ? ತಲೆ. ಇನ್ನೊಂದು ಒಬ್ಬಟ್ಟು? ತಲೆ. ಹುಡುಗಿ ಹಾಡಿದರೆ ತಲೆ, ನಿಲ್ಲಿಸಿದರೂ ತಲೆ. ಮೂಲೆಯಲ್ಲಿ ಕೂತಿದ್ದ ಅಲಿವೇಲಮ್ಮನ ಅಜ್ಜಿಗೆ ಕಿವಿ ಮಂದ, ಹಾಗಾಗಿ ಮಾತು ಜೋರು. ತುಂಬಿದ ಮನೆಯಲ್ಲಿ, “ಈ ಗಂಗಿರೆದ್ದುಕಾ ಪಿಲ್ಲನಿಚ್ಚೇದಿ?” ಅಂದುಬಿಟ್ಟಳಂತೆ. ಈ ಕೋಲೆಬಸವನಿಗಾ ಹುಡುಗಿ ಕೊಡೋದು ಎಂದು! ಅದಕ್ಕೂ ಇವರು ಅಜ್ಜಿಯ ಕಡೆ ತಿರುಗಿ ಗಂಭೀರವಾಗಿ ತಲೆಯಾಡಿಸಿದರಂತೆ. ಅಲಿವೇಲಮ್ಮ ಅದನ್ನು ಅಭಿನಯಿಸುವಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ನಾವು ನಗುವಾಗ ಮೇಷ್ಟ್ರು ಎಲ್ಲಿರುತ್ತಿದ್ದರು ಅಂದರೆ, ಗೋಡೆಯ ಈಚೆ ನಡುಮನೆಯಲ್ಲಿ. ಸಾಯಂಕಾಲ ಸ್ಕೂಲಿಂದ ಬಂದವರೇ ಆರಾಮ ಕುರ್ಚಿಯನ್ನು ಎಳೆದುಕೊಂಡು ಆ ಕೋಣೆಯ ಗೋಡೆಗೇ ಒರಗಿಸಿ, ಪೇಪರು ಹಿಡಿದು ಕೂರುತ್ತಿದ್ದರು. ಗಾಳಿ ಇರುವುದು ಬೀದಿಯ ಕಡೆ, ಬೆಳಕಿರುವುದು ಕಿಟಕಿಯ ಹತ್ತಿರ, ಇವರು ಮಾತ್ರ ಆ ಕತ್ತಲೆ ಮೂಲೆಯಲ್ಲಿ. ನಾನು ಹೊರಗೆ ಬಂದಾಗ, “ಏನು ಗಲಾಟೆ ಟೀಚರಮ್ಮ, ಗುಬ್ಬಚ್ಚಿ ಚಿಲಿಪಿಲಿ ಅಂದ ಹಾಗೆ. ಒಂದಕ್ಷರ ತಿಳಿಯಲ್ಲ” ಅನ್ನುತ್ತಿದ್ದರು. ನಿಮಗೆ ತಿಳಿಯದಿರುವುದೇ ಒಳ್ಳೆಯದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ನಗುತ್ತಿದ್ದೆ.

ವರ್ಷಗಳು ಹೀಗೆ ಹೋದವು. ಸುಶೀಲ ಓದಿದಳು, ಗೌರಿಬಿದನೂರಿನಲ್ಲಿ ಅವಳಿಗೂ ಟೀಚರ್ ಕೆಲಸವಾಯಿತು. ಮೇಷ್ಟ್ರು ರಿಟೈರಾದರು. ಆದ ಸ್ವಲ್ಪ ದಿನಕ್ಕೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ನೋಡಲು ಬಂದ ಹಳೇ ಶಿಷ್ಯರು ಹಾಸಿಗೆಯ ಪಕ್ಕ ನಿಂತು, ಅವರಿಗೆ ಕೇಳಿಸುವ ಹಾಗೇ, “ಪಾಪ, ಏನಾದ್ರೂ ತಿಳಿಯುತ್ತಾ ಇವರಿಗೆ?” ಎಂದು ಕೇಳುತ್ತಿದ್ದರು. ಮಾತಿಲ್ಲದವರ ಒಳಗೆ ಏನೂ ಇರುವುದಿಲ್ಲ ಎಂದು ಅವರಿಗೆ ಕಲಿಸಿದ ಗುರುಗಳೇ ಅಲ್ಲವೇ ಅಲ್ಲಿ ಮಲಗಿದ್ದವರು!

ನಶ್ಯ ಏರಿಸುವ ಕೈ ಬಿದ್ದುಹೋದ ಮೇಲೆ ನಶ್ಯವೂ ತಪ್ಪಿತು. ಹುಳು ಗೂಡು ಕಟ್ಟುವ ಮೊದಲಿನ ದೊಡ್ಡ ಮೇವಿಗೆ ಬಂದಿತ್ತು. ಅತ್ತ ಹುಳುವಿಗೆ ಸೊಪ್ಪು ಹಾಕಬೇಕು, ಇತ್ತ ಇವರನ್ನು ನೋಡಿಕೊಳ್ಳಬೇಕು, ಅಲಿವೇಲಮ್ಮ ಓಡಾಡಿ ಸುಸ್ತಾಗಿದ್ದಳು. ಒಂದು ಭಾನುವಾರ ಗಂಡನಿಗೆ ಸ್ನಾನ ಮಾಡಿಸಿ, ಉಗುರು ತೆಗೆದು, ಹೊಸ ಪಂಚೆ ಉಡಿಸಿ, “ಈಗ ಇವರು ಬರಬಹುದು” ಅಂದಳು. ಊರಿಂದ ಬಂದಿದ್ದ ಸುಶೀಲ, ನಾನು, ಜೈತೂನ್ ಬೀ ಸೇರಿ ಆರಾಮ ಕುರ್ಚಿಯ ಸಮೇತ ಅವರನ್ನು ಎತ್ತಿ ಹುಳು ಮನೆಯೊಳಗೆ ಇಟ್ಟೆವು.

ಮೊದಲು ಎಲ್ಲರಿಗೂ ಮುಜುಗರ. ಸ್ವಲ್ಪ ಹೊತ್ತಾದ ಮೇಲೆ, ಇವರಿಗೇನು ತಿಳಿಯುತ್ತೆ ಎಂದುಕೊಂಡು ಮಾತು ಎಂದಿನ ಹಾಗೆ ಹರಿಯಿತು. ಜೈತೂನ್ ಬೀ, ಹೆಣ್ಣು ನೋಡಿದ ಕಥೆ ಹೇಳು ಎಂದು ಕೆಣಕಿದಳು. ಅಲಿವೇಲಮ್ಮ ಒಮ್ಮೆ ಗಂಡನ ಕಡೆ ನೋಡಿ, ಸೊಪ್ಪು ಹರಡುತ್ತಲೇ ತೆಲುಗಿನಲ್ಲಿ ಶುರು ಮಾಡಿದಳು. ಪ್ರಯಾಣ, ಒಬ್ಬಟ್ಟು, ಹಾಡು. ಅಜ್ಜಿ ಬಾಯಿ ತೆರೆಯುವ ಜಾಗಕ್ಕೆ ಬಂದು ಉಸಿರೆಳೆದುಕೊಂಡಳು, ಮಾತು ಇನ್ನೂ ಆಡಿರಲಿಲ್ಲ.

ಕುರ್ಚಿಯಲ್ಲಿದ್ದ ಮೇಷ್ಟ್ರು ತಲೆಯಾಡಿಸಿದರು. ಗಂಭೀರವಾಗಿ, ಆಕೆ ಅಭಿನಯಿಸಿ ತೋರಿಸುತ್ತಿದ್ದ ಹಾಗೆಯೇ. ಆಮೇಲೆ ಸೊಟ್ಟಗಾಗಿದ್ದ ಬಾಯಿಯಲ್ಲೇ ನಕ್ಕರು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಸುಶೀಲ ಮೆಲ್ಲಗೆ, “ಅಮ್ಮಾ, ಅಪ್ಪಂಗೆ ತಿಳಿಯುತ್ತೆ” ಅಂದಳು.

ಅಲಿವೇಲಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಗಂಡನ ಎದುರಿಗೆ ಬಂದು ನಿಂತಳು. ಎಂದೂ ಅವರೆದುರು ‘ಹೂಂ’ ‘ಊಹೂಂ’ ದಾಟದಿದ್ದ ಆ ಬಾಯಿಂದ ಕನ್ನಡ ಬಂತು, ಎಲ್ಲೂ ತಡವರಿಸದ ಕನ್ನಡ.

“ಆವತ್ತೇ ಗೊತ್ತಿತ್ತಾ, ಇಲ್ಲಾ ಈ ಗೋಡೆಗೆ ಒರಗಿ ಕೂತು ಕಲಿತ್ರಾ? ಎರಡರಲ್ಲಿ ಯಾವುದಾದ್ರೂ ಸರಿ. ನನ್ನ ಮಾತೆಲ್ಲ ನಿಮಗೆ ತಿಳೀತಿತ್ತು. ತಿಳಿದೂ ತಿಳಿದೂ ಮಗಳ ಹತ್ರ ನನ್ನ ದಡ್ಡಿ ಅಂದ್ರಿ. ಒಂದೇ ಒಂದು ದಿನ ನನ್ನ ಭಾಷೇಲಿ ‘ಊಟ ಆಯ್ತಾ’ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಮೇಷ್ಟ್ರ ತುಟಿ ಅಲುಗಿತು. ಏನು ಹೇಳಲು ಹೊರಟರೋ, ಯಾವ ಭಾಷೆಯಲ್ಲೋ, ಬರಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಪಾಪ, ಕದ್ದು ಕೇಳಿಯಾದರೂ ಹೆಂಡತಿಯ ಮಾತಿಗೆ ಅಷ್ಟು ಹಂಬಲಿಸಿದರಲ್ಲ ಎಂದು ಸುಶೀಲ ಆಮೇಲೆ ಅತ್ತಳು. ಮಗಳಲ್ಲವೇ, ಅಳಲಿ. ನನಗೆ ಮಾತ್ರ ಮರುಕ ಬರಲಿಲ್ಲ, ಈಗಲೂ ಬಂದಿಲ್ಲ. ತಿಳಿಯದೆ ಹೆಂಡತಿಯ ಬಾಯಿ ಕಟ್ಟಿದ್ದರೆ ಪೆದ್ದ ಎಂದು ಬಿಟ್ಟುಬಿಡುತ್ತಿದ್ದೆ. ತನ್ನ ಮನೆಯಲ್ಲಿ ಅಷ್ಟು ಚುರುಕಾದ ಹೆಂಗಸೊಬ್ಬಳಿದ್ದಾಳೆಂದು ಈ ಮನುಷ್ಯನಿಗೆ ಗೋಡೆಯಾಚೆಯಿಂದ ದಿನಾ ಗೊತ್ತಾಗುತ್ತಿತ್ತು. ಗೊತ್ತಾದರೂ ಹೆಂಡತಿಗಿಂತ ಸಿದ್ಧಾಂತವೇ ಹೆಚ್ಚಾಯಿತು. ಥೂ!

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಅಲಿವೇಲಮ್ಮ ಕೊನೆಯವರೆಗೂ ಒಂದು ಕೊರತೆ ಮಾಡದೆ ನೋಡಿಕೊಂಡಳು. ಹುಳು ಮನೆಯ ಬಾಗಿಲನ್ನು ಮತ್ತೆ ಮುಚ್ಚಲಿಲ್ಲ. ನಡುಮನೆಯಲ್ಲೂ ಜಗುಲಿಯಲ್ಲೂ ಬೀದಿಗೆ ಕೇಳುವ ಹಾಗೆ ತೆಲುಗಿನಲ್ಲೇ ಮಾತಾಡಿದಳು.

ಹೈಸ್ಕೂಲಿನ ಹಾಲಿನಲ್ಲಿ ಭಾಷಣಗಳು ಮುಗಿದಿದ್ದವು. ಅಧ್ಯಕ್ಷರು, ಪಾಪ ಆಯಮ್ಮ ಏನು ಮಾತಾಡುತ್ತಾರೆ ಎಂಬ ಧಾಟಿಯಲ್ಲೇ, “ಗುರುಪತ್ನಿಯವರು ಎರಡು ಮಾತು ಹೇಳೋದಾದ್ರೆ...” ಅಂದರು. ಅಲಿವೇಲಮ್ಮ ನನ್ನ ಪಕ್ಕದಿಂದ ಎದ್ದು ಹೋದಳು. ಗಂಡ ಪಾಠ ಮಾಡಿದ ಆ ಸ್ಕೂಲಿನಲ್ಲಿ, ಅವರ ಪಟದ ಪಕ್ಕ ನಿಂತು, ತೆಲುಗಿನಲ್ಲಿ ಹೆಣ್ಣು ನೋಡುವ ಶಾಸ್ತ್ರದ ಕಥೆ ಹೇಳಿದಳು. ಒಬ್ಬಟ್ಟು, ಹಾಡು, ಅಜ್ಜಿ, ಒಂದನ್ನೂ ಬಿಡಲಿಲ್ಲ. ‘ಗಂಗಿರೆದ್ದು’ ಅಂದಾಗ ಮೊದಲು ನಕ್ಕವಳು ನನ್ನ ಇನ್ನೊಂದು ಪಕ್ಕದಲ್ಲಿದ್ದ ಸುಶೀಲ. ಆಮೇಲೆ ಹುಡುಗರು, ಆಮೇಲೆ ಭಾಷಣ ಮಾಡಿದವರು, ಕೊನೆಗೆ ಅಧ್ಯಕ್ಷರೂ. ಆ ಹಾಲಿನಲ್ಲಿ ತೆಲುಗು ತಿಳಿಯದವರು ಒಬ್ಬರೂ ಇರಲಿಲ್ಲ. ನನ್ನ ಹಿಂದೆ ಕೂತಿದ್ದ ಹೆಂಗಸು ಸುಶೀಲಳ ಭುಜ ತಟ್ಟಿ, “ಏನು ಜಾಣೆ ಕಣೇ ನಿಮ್ಮಮ್ಮ!” ಅಂದಳು. ಸುಶೀಲ ಕಣ್ಣೊರೆಸಿಕೊಳ್ಳುತ್ತ, “ನಂಗೆ ಚಿಕ್ಕೋಳಿದ್ದಾಗಿಂದ ಗೊತ್ತು” ಅಂದಳು.

ನಗು ಅಡಗುವವರೆಗೆ ಅಲಿವೇಲಮ್ಮ ಕಾದಳು. ಆಮೇಲೆ ಪಟದ ಕಡೆ ತಿರುಗಿ, ಸೊಟ್ಟಗಾಗಿದ್ದ ಹಾರವನ್ನು ಸರಿ ಮಾಡಿ, ಮೆಲ್ಲಗೆ ಅಂದಳು:

“ಏಮಂಡೀ, ಇಪ್ಪುಡು ಊಪಂಡಿ ಚೂದ್ದಾಂ.”

ಏನೂಂದ್ರೆ, ಈಗ ಆಡಿಸಿ ತಲೆ, ನೋಡೋಣ.